ನಾಳೆಯೂ ಬರಬೇಕೆನಿಸುವ ವ್ಯಾಯಾಮ



ವ್ಯಾಯಾಮದಿಂದ ಆರೋಗ್ಯ ಚೆನ್ನಾಗಿರುತ್ತದೆ ಎಂದು ಹೇಳುವುದಕ್ಕಾಗಿ ನಾನು ನಿಮ್ಮ ಮುಂದೆ ಬಂದಿಲ್ಲ. ಅದು ನಿಮಗೆ ಪ್ರಾಥಮಿಕ ಶಾಲೆಯಿಂದಲೂ ತಿಳಿದ ಸಂಗತಿ. ಆ ವಿಷಯದ ಮೇಲೆ ಪ್ರಬಂಧ ಬರೆದು ಒಳ್ಳೆಯ ಅಂಕಗಳನ್ನೂ ಪಡೆದಿದ್ದೀರಿ. ಆದರೆ ಪ್ರಬಂಧ ಬರೆದವರಲ್ಲಿ ಎಷ್ಟು ಮಂದಿ ಇಂದು ಓಡಿದಿರಿ, ಆಡಿದಿರಿ, ಅಥವಾ ಕನಿಷ್ಠ ಅರ್ಧ ಗಂಟೆ ಚುರುಕಾಗಿ ನಡೆದಿರಿ? ಹೊಸ ವರ್ಷದ ಮೊದಲ ವಾರದಲ್ಲಿ ನಮ್ಮ ಊರುಗಳ ಉದ್ಯಾನಗಳು ಹೊಸಬರಿಂದ ತುಂಬಿರುತ್ತವೆ. ಶಿವರಾತ್ರಿಯ ಹೊತ್ತಿಗೆ ನೋಡಿದರೆ ಅಲ್ಲಿ ಉಳಿದವರು ವರ್ಷವಿಡೀ ಬರುವ ಹಳಬರು ಮಾತ್ರ. ಬಿಟ್ಟುಹೋದವರಿಗೂ ಉಳಿದುಕೊಂಡವರಿಗೂ ಇರುವ ವ್ಯತ್ಯಾಸವೇನು? ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಇದನ್ನೇ.

ಮೊದಲು ಪರಿಸ್ಥಿತಿ ಎಷ್ಟು ಗಂಭೀರವಾಗಿದೆ ಎಂಬುದನ್ನು ನೋಡೋಣ. 5ರಿಂದ 17 ವರ್ಷ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮೈಬಿಸಿಯಾಗುವಂತಹ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಸಂಸ್ಥೆಯ ತಜ್ಞರು 146 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಕ್ರೋಡೀಕರಿಸಿ 2019ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. 2016ನೇ ಇಸವಿಯಲ್ಲಿ 11ರಿಂದ 17 ವರ್ಷದವರಲ್ಲಿ ಶೇಕಡಾ 81ರಷ್ಟು ಮಂದಿ ಈ ಕನಿಷ್ಠ ಪ್ರಮಾಣವನ್ನೂ ಮುಟ್ಟಿರಲಿಲ್ಲವೆಂದು ಅದು ಅಂದಾಜು ಮಾಡಿತು. ಹುಡುಗರಲ್ಲಿ ಈ ಪ್ರಮಾಣ ಶೇಕಡಾ 78, ಹುಡುಗಿಯರಲ್ಲಿ ಶೇಕಡಾ 85. ಇದು ಒಂದು ಊರಿನ, ಒಂದು ದೇಶದ ಸಮಸ್ಯೆಯಲ್ಲ.

ಇದಕ್ಕೆ ಹಿರಿಯರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಇಂದಿನ ಮಕ್ಕಳು ಸೋಮಾರಿಗಳು, ಇಚ್ಛಾಶಕ್ತಿ ಇಲ್ಲದವರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಆರು ವರ್ಷದ ಮಗುವನ್ನು ಗಮನಿಸಿ. ಓಡು ಎಂದು ಅದಕ್ಕೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಓಡಬೇಡ ಎಂದು ಹೇಳಬೇಕಾಗುತ್ತದೆ. ಲಗೋರಿ, ಕುಂಟೆಬಿಲ್ಲೆ, ಚಿನ್ನಿದಾಂಡು, ಮರಕೋತಿ ಆಡುವ ಮಕ್ಕಳನ್ನು ಮನೆಗೆ ಕರೆತರಲು ತಾಯಂದಿರು ಬೀದಿಗೆ ಬಂದು ಕೂಗಬೇಕಾಗುತ್ತದೆ. ಆ ಮಕ್ಕಳಲ್ಲಿ ಯಾರೂ ‘ನಾನು ವ್ಯಾಯಾಮ ಮಾಡುತ್ತಿದ್ದೇನೆ’ ಎಂದುಕೊಳ್ಳುವುದಿಲ್ಲ. ಹಾಗಿರುವಾಗ ಅದೇ ಮಗು ಹದಿನಾಲ್ಕು ಹದಿನೈದು ವರ್ಷಗಳಾಗುವಷ್ಟರಲ್ಲಿ ಮೈದಾನದಿಂದ ದೂರ ಸರಿಯುವುದೇಕೆ?

ಹಲವು ಕಾರಣಗಳಿವೆ. ಮೈದಾನಗಳು ಕಡಿಮೆಯಾಗಿವೆ. ಆಟದ ಪೀರಿಯಡ್ಡು ಪರೀಕ್ಷೆ ಹತ್ತಿರ ಬಂದಂತೆ ಗಣಿತದ ಪೀರಿಯಡ್ಡಾಗಿ ಬದಲಾಗುತ್ತದೆ. ಕೈಯಲ್ಲಿ ಮೊಬೈಲ್ ಇದೆ. ಇವೆಲ್ಲ ನಿಜವೇ. ಆದರೆ ನಾವು ಅಷ್ಟಾಗಿ ಗಮನಿಸದ ಇನ್ನೊಂದು ಕಾರಣವಿದೆ. ತಡವಾಗಿ ಬಂದ ಹುಡುಗನಿಗೆ ನಾವು ಏನು ಹೇಳುತ್ತೇವೆ? ‘ಮೈದಾನಕ್ಕೆ ಐದು ಸುತ್ತು ಹಾಕು.’ ಮನೆಪಾಠ ಮಾಡದವನಿಗೆ? ‘ಇಪ್ಪತ್ತು ಬಸ್ಕಿ ಹೊಡೆ.’ ಓಟವೂ ಬಸ್ಕಿಯೂ ಒಳ್ಳೆಯ ವ್ಯಾಯಾಮಗಳೇ. ಬಸ್ಕಿಯಂತೂ ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಹೆಮ್ಮೆಯಿಂದ ನೂರಾರು ಸಲ ಹೊಡೆಯುತ್ತಿದ್ದ ಸಾಮು. ಅಂತಹ ಸಾಮನ್ನು ನಾವು ಶಿಕ್ಷೆಯಾಗಿ ಮಾಡಿಬಿಟ್ಟಿದ್ದೇವೆ. ಒಂದು ಕೆಲಸವನ್ನು ಹತ್ತು ವರ್ಷಗಳ ಕಾಲ ಶಿಕ್ಷೆಯೆಂದು ಕಲಿಸಿ, ಹನ್ನೊಂದನೆಯ ವರ್ಷ ‘ಇದನ್ನು ಸಂತೋಷದಿಂದ ಜೀವನಪೂರ್ತಿ ಮಾಡು’ ಎಂದರೆ ಯಾರು ತಾನೇ ಮಾಡುತ್ತಾರೆ?

ಆದ್ದರಿಂದ ನನ್ನ ಮಾತಿನ ಸಾರ ಇಷ್ಟು: ವ್ಯಾಯಾಮದಲ್ಲಿ ಸಂತೋಷವೆಂಬುದು ಊಟದ ಕೊನೆಯಲ್ಲಿ ಬಡಿಸುವ ಪಾಯಸವಲ್ಲ, ಅದೇ ಅನ್ನ. ಅದಿಲ್ಲದಿದ್ದರೆ ಎಂತಹ ಸಂಕಲ್ಪವೂ ಹೆಚ್ಚು ದಿನ ಬಾಳದು. ಮತ್ತು ಈ ಸಂತೋಷ ಅದೃಷ್ಟದಿಂದ ಬರುವಂಥದಲ್ಲ. ಅದನ್ನು ತಿಳಿದು ರೂಪಿಸಿಕೊಳ್ಳಬಹುದು. ಹೇಗೆಂಬುದಕ್ಕೆ ವಿಜ್ಞಾನ ಕೆಲವು ಸ್ಪಷ್ಟ ಉತ್ತರಗಳನ್ನು ಕೊಟ್ಟಿದೆ.

ಮೊದಲನೆಯದು ವೇಗದ ಪ್ರಶ್ನೆ. ಹೊಸದಾಗಿ ಓಡಲು ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಬಾಣದಂತೆ ಹೊರಡುತ್ತಾರೆ. ಎರಡೇ ನಿಮಿಷಗಳಲ್ಲಿ ಏದುಸಿರು, ಪಕ್ಕೆನೋವು. ಇದು ಏಕಾಗುತ್ತದೆ? ನಿಧಾನವಾಗಿ ಓಡುವಾಗ ಸ್ನಾಯುಗಳಿಗೆ ಬೇಕಾದ ಶಕ್ತಿಯ ಬಹುಭಾಗ ಆಮ್ಲಜನಕದ ನೆರವಿನಿಂದಲೇ ಉತ್ಪತ್ತಿಯಾಗುತ್ತದೆ. ವೇಗ ಒಂದು ಮಿತಿಯನ್ನು ದಾಟಿದಾಗ ಆ ವ್ಯವಸ್ಥೆಯೊಂದೇ ಸಾಲದೆ, ಸ್ನಾಯುಗಳು ಇನ್ನೊಂದು ಅವಸರದ ಮಾರ್ಗವನ್ನೂ ಹೆಚ್ಚು ಹೆಚ್ಚಾಗಿ ಬಳಸತೊಡಗುತ್ತವೆ. ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ, ಆಮ್ಲೀಯತೆ ಹೆಚ್ಚುತ್ತದೆ, ಅದನ್ನು ಸರಿದೂಗಿಸಲು ಉಸಿರಾಟ ಥಟ್ಟನೆ ವೇಗಗೊಳ್ಳುತ್ತದೆ. ವ್ಯಾಯಾಮ ಮನೋವಿಜ್ಞಾನಿ ಪ್ಯಾಂಟೆಲಿಮಾನ್ ಎಕೆಕಾಕಿಸ್ ಮತ್ತು ಅವರ ಸಂಗಡಿಗರು ಈ ಮಿತಿಯ ಆಚೀಚೆ ಜನರ ಮನಸ್ಸಿಗೆ ಏನನಿಸುತ್ತದೆ ಎಂಬುದನ್ನು ಅನೇಕ ವರ್ಷ ಅಧ್ಯಯನ ಮಾಡಿದ್ದಾರೆ. ಮಿತಿಯ ಒಳಗಿರುವಾಗ ಬಹುತೇಕರಿಗೆ ವ್ಯಾಯಾಮ ಹಿತವಾಗಿರುತ್ತದೆ. ಮಿತಿಯನ್ನು ದಾಟಿದ ಮೇಲೆ ಬಹುತೇಕರಿಗೆ ಹಿತ ಕುಸಿಯುತ್ತದೆ.

ಹಾಗಾದರೆ ಈ ಮಿತಿಯನ್ನು ಗುರುತಿಸುವುದು ಹೇಗೆ? ಪ್ರಯೋಗಾಲಯ ಬೇಡ, ಕೈಗಡಿಯಾರವೂ ಬೇಡ. ಜೊತೆಯಲ್ಲಿರುವ ಗೆಳೆಯನೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಿದ್ದು, ಹಾಡು ಹೇಳಲು ಕಷ್ಟವಾಗುತ್ತಿದ್ದರೆ ನೀವು ಸರಿಯಾದ ವೇಗದಲ್ಲಿದ್ದೀರಿ. ಒಂದೊಂದೇ ಪದಕ್ಕೆ ಉಸಿರು ಕಟ್ಟುತ್ತಿದ್ದರೆ ನಿಧಾನಿಸಿ. ನಡೆಯಬೇಕಾದರೆ ನಡೆಯಿರಿ, ಅದರಲ್ಲಿ ಅವಮಾನವೇನೂ ಇಲ್ಲ. ವಾರಗಳು ಕಳೆದಂತೆ ಹೃದಯ ಪ್ರತಿ ಬಡಿತದಲ್ಲೂ ಹೆಚ್ಚು ರಕ್ತವನ್ನು ಹೊರದೂಡಲು ಕಲಿಯುತ್ತದೆ. ಸ್ನಾಯುಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾಗಳು ಹೆಚ್ಚುತ್ತವೆ. ಆ ಮಿತಿಯೇ ಮೇಲಕ್ಕೆ ಸರಿಯುತ್ತದೆ. ಮೊದಲು ಏದುಸಿರು ತರಿಸುತ್ತಿದ್ದ ವೇಗ ಆಗ ಹಿತವಾದ ವೇಗವಾಗುತ್ತದೆ. ಆದರೆ ಈ ಬದಲಾವಣೆಗೆ ವಾರಗಳು ಬೇಕು. ಮೊದಲ ದಿನವೇ ಸಾಕೆನಿಸಿಕೊಂಡು ಬಿಟ್ಟವರಿಗೆ ಅದು ದೊರೆಯುವುದಿಲ್ಲ.

ಎರಡನೆಯದು, ಮುಗಿಸುವ ಬಗೆ. ನಮ್ಮ ಕಾರ್ಯಕ್ರಮ ನಿರ್ಮಾಣದ ಕೆಲಸದಲ್ಲಿ ಒಂದು ಅನುಭವದ ಮಾತಿದೆ: ವೀಕ್ಷಕರು ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಎಲ್ಲವನ್ನೂ ನೆನಪಿಟ್ಟುಕೊಳ್ಳುವುದಿಲ್ಲ, ಕೊನೆಯ ಎರಡು ನಿಮಿಷಗಳನ್ನು ಮರೆಯುವುದಿಲ್ಲ. ಇದಕ್ಕೆ ವೈಜ್ಞಾನಿಕ ಆಧಾರವೂ ಇದೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಸ್ವಾರಸ್ಯಕರ ಪ್ರಯೋಗವನ್ನು ಪ್ರಕಟಿಸಿದರು. ಸ್ವಯಂಸೇವಕರು ಒಂದು ಸಲ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡುಗಳ ನಂತರ ಮತ್ತೂ 30 ಸೆಕೆಂಡು ಕೈಯನ್ನು ನೀರಿನಲ್ಲೇ ಇಟ್ಟರು. ಆಗ ನೀರು ನಿಧಾನವಾಗಿ 15 ಡಿಗ್ರಿಗೆ ಏರಿತು. ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ಎರಡನೆಯದನ್ನು! ಒಟ್ಟು ಚಳಿ ಹೆಚ್ಚಾಗಿದ್ದರೂ ಕೊನೆ ಸ್ವಲ್ಪ ಹಿತವಾಗಿತ್ತಲ್ಲ, ಮನಸ್ಸು ಅದನ್ನೇ ಹಿಡಿದುಕೊಂಡಿತು.

ಇದೇ ತತ್ವವನ್ನು ವ್ಯಾಯಾಮಕ್ಕೆ ಅನ್ವಯಿಸಿದವರಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ಗುಂಪಿನವರು ತಲಾ 15 ನಿಮಿಷ ಕೂತಲ್ಲೇ ಸೈಕಲ್ ತುಳಿದರು. ಒಂದು ಗುಂಪಿನವರಿಗೆ ಕೆಲಸ ಹಗುರವಾಗಿ ಆರಂಭವಾಗಿ ಕಷ್ಟದಲ್ಲಿ ಮುಗಿಯಿತು. ಇನ್ನೊಂದು ಗುಂಪಿನವರಿಗೆ ಕಷ್ಟದಿಂದ ಆರಂಭವಾಗಿ ಹಗುರವಾಗಿ ಮುಗಿಯಿತು. ಹಗುರವಾಗಿ ಮುಗಿಸಿದವರಿಗೆ ಆ ವ್ಯಾಯಾಮ ಹೆಚ್ಚು ಸುಖಕರವಾಗಿ ನೆನಪಿನಲ್ಲಿ ಉಳಿಯಿತು. ಮುಂದಿನ ಸಲವೂ ಸುಖವಾಗಿರುತ್ತದೆಂದು ಅವರು ನಿರೀಕ್ಷಿಸಿದರು. ಇದರಿಂದ ನಾವು ಕಲಿಯಬೇಕಾದದ್ದು ಸುಲಭ. ಚೆನ್ನಾಗಿ ಮೈಬಿಸಿ ಮಾಡಿಕೊಂಡ ನಂತರ ಕಷ್ಟದ ಭಾಗವನ್ನು ಮೊದಲರ್ಧದಲ್ಲಿ ಮುಗಿಸಿ. ಕೊನೆಯ ಐದು ಹತ್ತು ನಿಮಿಷಗಳನ್ನು ಹಗುರವಾದ ಓಟಕ್ಕೆ, ನಡಿಗೆಗೆ, ಹರಟೆಗೆ ಮೀಸಲಿಡಿ. ಸುಸ್ತಾಗಿ ಬಿದ್ದು ಮುಗಿಸಬೇಡಿ. ‘ಇನ್ನೂ ಸ್ವಲ್ಪ ಆಡಬಹುದಿತ್ತು’ ಎನ್ನುವಾಗಲೇ ಮನೆಗೆ ಹೊರಡಿ. ನಾಳೆ ನಿಮ್ಮನ್ನು ಮತ್ತೆ ಮೈದಾನಕ್ಕೆ ಕರೆತರುವುದು ಆ ಉಳಿದ ಆಸೆಯೇ.

ಮೂರನೆಯದು, ಪ್ರೇರಣೆ ಎಲ್ಲಿಂದ ಬರುತ್ತದೆ ಎಂಬುದು. ಅಮೆರಿಕದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು 1985ರಲ್ಲಿ ತಮ್ಮ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮಂಡಿಸಿದರು. ಅವರ ಮತ್ತು ಅವರ ನಂತರದವರ ಅಧ್ಯಯನಗಳ ಸಾರವೆಂದರೆ, ಮೂರು ಸಂಗತಿಗಳು ಕೂಡಿದಲ್ಲಿ ಪ್ರೇರಣೆ ಒಳಗಿನಿಂದಲೇ ಹುಟ್ಟುತ್ತದೆ: ಇದನ್ನು ನಾನೇ ಆರಿಸಿಕೊಂಡೆ ಎಂಬ ಭಾವನೆ, ನನಗಿದು ಬರುತ್ತಿದೆ ಎಂಬ ವಿಶ್ವಾಸ, ನನ್ನ ಜೊತೆಗೆ ನನ್ನವರಿದ್ದಾರೆ ಎಂಬ ನೆಮ್ಮದಿ. ಆಯ್ಕೆ, ಕೌಶಲ, ಸಂಗ ಎಂದು ನೆನಪಿಟ್ಟುಕೊಳ್ಳಿ. ಲಗೋರಿಯಲ್ಲಿ ಈ ಮೂರೂ ಇವೆ. ಬಸ್ಕಿಯ ಶಿಕ್ಷೆಯಲ್ಲಿ ಮೂರೂ ಇಲ್ಲ.

ಕೌಶಲವೆಂದಾಕ್ಷಣ ಆರಂಭದಿಂದಲೇ ಗೆಲ್ಲಬೇಕೆಂದು ತಿಳಿಯಬೇಡಿ. ನಮ್ಮವರೇ ಆದ ಪ್ರಕಾಶ್ ಪಡುಕೋಣೆಯವರು ಬ್ಯಾಡ್ಮಿಂಟನ್ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿದ್ದ ಒಂದು ಕಲ್ಯಾಣಮಂಟಪದಲ್ಲಿ. ಮದುವೆಗಳಿದ್ದ ದಿನ ಅಲ್ಲಿ ಆಟವಿಲ್ಲ! 1962ರಲ್ಲಿ ಅವರು ರಾಜ್ಯ ಕಿರಿಯರ ಪಂದ್ಯಾವಳಿಗೆ ಇಳಿದಾಗ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ನಂತರ ಅದೇ ಪ್ರಶಸ್ತಿಯನ್ನು ಗೆದ್ದರು. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ನಾವೆಲ್ಲರೂ ಪಡುಕೋಣೆಯವರಾಗುವುದು ಸಾಧ್ಯವಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ನಿನ್ನೆ ಬರದಿದ್ದ ಹೊಡೆತ ಇಂದು ಬಂದಾಗ ಆಗುವ ಖುಷಿಗೆ ಪ್ರಶಸ್ತಿಯ ಹಂಗಿಲ್ಲ. ಅದು ಯಾರಿಗಾದರೂ ದೊರೆಯುವಂಥದು.

ಸಂಗದ ಮಾತಿಗೆ ಬಂದರೆ, ಪ್ರಸಾರ ಮಾಧ್ಯಮದವನಾದ ನನಗೆ ಜಪಾನಿನ ಒಂದು ಉದಾಹರಣೆ ಬಹಳ ಪ್ರಿಯ. ಅಲ್ಲಿನ ರೇಡಿಯೋದಲ್ಲಿ 1928ರ ನವೆಂಬರ್‌ನಲ್ಲಿ ಪಿಯಾನೋ ಸಂಗೀತಕ್ಕೆ ತಕ್ಕಂತೆ ಮಾಡುವ ಸರಳ ವ್ಯಾಯಾಮದ ಪ್ರಸಾರ ಆರಂಭವಾಯಿತು. ಅದಕ್ಕೆ ‘ರಾಜಿಯೋ ತೈಸೋ’ ಎಂದು ಹೆಸರು. ಎರಡನೆಯ ಮಹಾಯುದ್ಧದ ನಂತರ ಕೆಲವು ವರ್ಷ ನಿಂತು, 1951ರಲ್ಲಿ ಹೊಸ ರೂಪದಲ್ಲಿ ಮತ್ತೆ ಆರಂಭವಾದ ಆ ಪ್ರಸಾರ ಇಂದಿಗೂ ನಡೆದಿದೆ. ಒಂದು ವ್ಯಾಯಾಮಕ್ಕೆ ಹಿಡಿಯುವ ಸಮಯ ಸುಮಾರು ಮೂರು ನಿಮಿಷ. ಬೆಳಿಗ್ಗೆ ಆರೂವರೆಗೆ ಉದ್ಯಾನಗಳಲ್ಲಿ ಮುದುಕರು, ಬೇಸಿಗೆ ರಜೆಯಲ್ಲಿ ಮಕ್ಕಳು ಸೇರುತ್ತಾರೆ. ಬಂದ ಮಕ್ಕಳ ಕಾರ್ಡಿಗೆ ಒಂದು ಮುದ್ರೆ ಒತ್ತುತ್ತಾರೆ. ಎಂಬತ್ತು ದಾಟಿದ ಅಜ್ಜಿ ಅಲ್ಲಿಗೆ ಬರುವುದು ಮುದ್ರೆಗಾಗಿ ಅಲ್ಲವಷ್ಟೆ. ಪರಿಚಿತ ಸಂಗೀತ, ಪರಿಚಿತ ಮುಖಗಳು, ಮುಗಿದ ಮೇಲೆ ನಾಲ್ಕು ಮಾತು: ಹೀಗೆ ಸೇರುವ ಜಾಗವಿದ್ದಲ್ಲಿ ವ್ಯಾಯಾಮ ತಾನಾಗಿ ಉಳಿಯುತ್ತದೆ.

ಹಾಗೆಂದರೆ ಬಹುಮಾನಗಳು ಬೇಡವೇ? ಬೇಕು, ಆದರೆ ಎಚ್ಚರಿಕೆಯಿಂದ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ಒಂದು ಅಧ್ಯಯನ ನಡೆಸಿದರು. ಕೆಲವರಿಗೆ ‘ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಕೆಲ ದಿನಗಳ ನಂತರ ನೋಡಿದಾಗ, ಆ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುವ ಸಮಯ ಉಳಿದ ಮಕ್ಕಳದರ ಸುಮಾರು ಅರ್ಧಕ್ಕೆ ಇಳಿದಿತ್ತು. ಆಟ ಕೂಲಿಯಾಗಿತ್ತು. ಮೊದಲೇ ಹೇಳದೆ ಅನಿರೀಕ್ಷಿತವಾಗಿ ಪ್ರಶಸ್ತಿಪತ್ರ ಪಡೆದ ಮಕ್ಕಳ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ.

ಇಂದು ನಿಮ್ಮ ಕೈಗಡಿಯಾರ, ಮೊಬೈಲ್‌ಗಳು ಪ್ರತಿ ಹೆಜ್ಜೆಯನ್ನೂ ಎಣಿಸುತ್ತವೆ. ದಿನಕ್ಕೆ 10,000 ಹೆಜ್ಜೆ ಎಂಬ ಮಾತನ್ನು ಕೇಳಿರುತ್ತೀರಿ. ಆ ಸಂಖ್ಯೆ ಜನಪ್ರಿಯವಾದದ್ದು ಒಂದು ಸರಕಿನ ಹೆಸರಿನಿಂದ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕಕ್ಕೆ ‘ಹತ್ತು ಸಾವಿರ ಹೆಜ್ಜೆಗಳ ಮಾಪಕ’ ಎಂಬರ್ಥದ ಹೆಸರಿತ್ತು. ಎಣಿಕೆಯಿಂದ ಕೆಲವರಿಗೆ ಹುಮ್ಮಸ್ಸು ಬರುವುದುಂಟು. ಆದರೆ 2016ರಲ್ಲಿ ಜೋರ್ಡನ್ ಎಟ್ಕಿನ್ ಎಂಬ ಸಂಶೋಧಕಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹೆಜ್ಜೆ ಎಣಿಸಿದವರು ಎಣಿಸದವರಿಗಿಂತ ಹೆಚ್ಚು ನಡೆದರೂ ನಡಿಗೆಯಲ್ಲಿ ಅವರು ಕಂಡ ಸಂತೋಷ ಕಡಿಮೆಯಾಗಿತ್ತು. ಆದ್ದರಿಂದ ಎಣಿಸುವವರು ಎಣಿಸಿ. ವಾರದಲ್ಲಿ ಎರಡು ದಿನವಾದರೂ ಎಣಿಸದೆ ನಡೆಯಿರಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ನಡುವೆ ದೊಡ್ಡ ನಂದಿಯ ಬಳಿ ನಿಂತು ಮೈಸೂರನ್ನು ನೋಡುತ್ತಾರಲ್ಲ, ಆ ನೋಟ ಯಾವ ಮಾಪಕದಲ್ಲೂ ದಾಖಲಾಗುವುದಿಲ್ಲ. ಬೆಟ್ಟಕ್ಕೆ ಮತ್ತೆ ಕರೆತರುವುದು ಮಾತ್ರ ಅದೇ.

ನಾಲ್ಕನೆಯದು, ತಪ್ಪಿಹೋದ ದಿನಗಳ ವಿಚಾರ. ‘ಮೂರು ದಿನ ತಪ್ಪಿತು, ಇನ್ನೇಕೆ’ ಎಂದು ಪೂರ್ತಿ ಬಿಟ್ಟುಬಿಡುವವರು ಬಹಳ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿ ಹೊಸ ಅಭ್ಯಾಸಗಳನ್ನು ಬೆಳೆಸಿಕೊಳ್ಳುವ ರೀತಿಯನ್ನು 12 ವಾರ ಗಮನಿಸಿದರು. ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಬೇಕಾಗುವ ಅವಧಿ 18 ದಿನಗಳಿಂದ 254 ದಿನಗಳವರೆಗೆ ಎಂದು ಅವರ ಅಂದಾಜು; ಮಧ್ಯಮ ಬೆಲೆ 66 ದಿನ. 21 ದಿನ ಸಾಕೆಂಬ ಪ್ರಚಲಿತ ಮಾತಿಗೆ ಈ ಅಧ್ಯಯನದ ಬೆಂಬಲವಿಲ್ಲ. ಇನ್ನೂ ಮುಖ್ಯವಾಗಿ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆಯಾಗಲಿಲ್ಲ. ಮಳೆ ಬರುತ್ತದೆ, ಜ್ವರ ಬರುತ್ತದೆ, ಊರಲ್ಲಿ ಜಾತ್ರೆ ಇರುತ್ತದೆ. ತಪ್ಪಿದ್ದಕ್ಕೆ ಮರುಗದೆ ಮರುದಿನ ಹೊರಡಿ.

ಎಸ್‌.ಎಸ್‌.ಎಲ್‌.ಸಿ. ಮತ್ತು ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಪರೀಕ್ಷೆಯ ವರ್ಷ ಆಟ ಬಿಡುವುದು ನಮ್ಮಲ್ಲಿ ಒಂದು ಸಂಪ್ರದಾಯವೇ ಆಗಿದೆ. ಒಂದು ವರ್ಷಕ್ಕೆಂದು ಬಿಟ್ಟದ್ದು ಎರಡಾಗುತ್ತದೆ, ಆಮೇಲೆ ಕಾಲೇಜು, ಆಮೇಲೆ ಕೆಲಸ. ಮೂಳೆಗಳು ತಮ್ಮ ಬಲದ ಬಹುಭಾಗವನ್ನು ಕೂಡಿಟ್ಟುಕೊಳ್ಳುವ ಕಾಲ ಇದೇ ಹದಿಹರೆಯ. ಓಟ, ನೆಗೆತಗಳು ಆ ಠೇವಣಿಯನ್ನು ಹೆಚ್ಚಿಸುತ್ತವೆ. ಪೂರ್ತಿ ಆಟ ಸಾಧ್ಯವಾಗದಿದ್ದರೆ ಕಾಲು ಗಂಟೆ ಹಗ್ಗದಾಟವಾಡಿ, ಗೆಳೆಯನ ಮನೆಗೆ ಸೈಕಲ್ಲಿನಲ್ಲಿ ಹೋಗಿ ಬನ್ನಿ. ಪ್ರಮಾಣ ಇಳಿಯಲಿ, ಎಳೆ ಹರಿಯದಿರಲಿ.

ವಿದ್ಯಾರ್ಥಿನಿಯರಿಗೆ ಎರಡು ಮಾತು. ಆಗಲೇ ಹೇಳಿದ ಅಂಕಿಗಳಲ್ಲಿ ನಿಮ್ಮ ಸ್ಥಿತಿ ಹುಡುಗರಿಗಿಂತ ಕಷ್ಟದ್ದು. ‘ದೊಡ್ಡವಳಾದೆ, ಇನ್ನು ಬೀದಿಯಲ್ಲಿ ಕುಣಿಯಬೇಡ’ ಎಂಬ ಮಾತು, ಹುಡುಗರೇ ತುಂಬಿಕೊಂಡಿರುವ ಮೈದಾನ, ಕತ್ತಲಾಗುವ ಮೊದಲು ಮನೆ ಸೇರಬೇಕೆಂಬ ಚಿಂತೆ: ಇವು ನಿಮ್ಮ ಇಚ್ಛಾಶಕ್ತಿಯ ಕೊರತೆಗಳಲ್ಲ. ಒಬ್ಬಳೇ ಹೋಗುವುದು ಕಷ್ಟವಾದರೆ ನಾಲ್ವರು ಕೂಡಿ ಹೋಗಿ. ಮೈದಾನದಲ್ಲಿ ವಾರಕ್ಕೆ ಮೂರು ಸಂಜೆ ನಮಗೂ ಇರಲಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೋ ಖೋ ವಿಶ್ವಕಪ್ಪನ್ನು ಭಾರತದ ಪುರುಷರ ತಂಡದಂತೆ ಮಹಿಳೆಯರ ತಂಡವೂ ಗೆದ್ದಿತು. ಶಾಲೆಯ ಅಂಗಳದಲ್ಲಿ ಎರಡು ಕಂಬ ನೆಟ್ಟರೆ ಸಾಕು, ಆಡಬಹುದಾದ ಆಟವದು. ಸಹೋದರರಾದ ಹುಡುಗರೂ ಇದನ್ನು ಕೇಳಿಸಿಕೊಳ್ಳಲಿ, ಮೈದಾನವನ್ನು ಹಂಚಿಕೊಳ್ಳಲಿ.

ಇಷ್ಟೆಲ್ಲ ಕೇಳಿದ ಮೇಲೆ ನೀವೊಂದು ಪ್ರಶ್ನೆ ಹಾಕಬಹುದು: ಸಂತೋಷವಾಗಿರುವುದನ್ನಷ್ಟೇ ಮಾಡುತ್ತಾ ಹೋದರೆ ಮೈ ಬೆವರುವುದು ಯಾವಾಗ, ಬಲ ಬರುವುದು ಯಾವಾಗ? ಸಂತೋಷವೆಂದರೆ ಸುಲಭವೆಂದು ನಾನು ಹೇಳುತ್ತಿಲ್ಲ. ಕಬಡ್ಡಿಯಲ್ಲಿ ಎದುರಾಳಿಯ ಕಾಲು ಹಿಡಿದು ನೆಲಕ್ಕುರುಳಿದ ಹುಡುಗನಿಗೆ ಅದು ಸುಲಭವಲ್ಲ. ಆದರೂ ಅವನು ನಗುತ್ತಾ ಏಳುತ್ತಾನೆ. ತಾನೇ ಆರಿಸಿಕೊಂಡ ಶ್ರಮ ಸಿಹಿಯಾಗಿರುತ್ತದೆ, ಹೇರಿದ ಶ್ರಮ ಕಹಿಯಾಗಿರುತ್ತದೆ. ಆದರೆ ಶ್ರಮ ಬೇರೆ, ನೋವು ಬೇರೆ. ಎದೆನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚುವ ನೋವು ಕಾಣಿಸಿಕೊಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಆಸ್ತಮಾ, ಹೃದಯದ ತೊಂದರೆ ಇರುವವರು ಮೊದಲೇ ವೈದ್ಯರ ಸಲಹೆ ಪಡೆಯಿರಿ.

ಮಿತ್ರರೇ, ಈ ವಾರ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಪ್ರಯೋಗವೆಂದೇ ತಿಳಿಯಿರಿ. ನಿಮಗೆ ಇಷ್ಟವಾಗಬಹುದಾದ ಮೂರು ಚಟುವಟಿಕೆಗಳನ್ನು ಆರಿಸಿಕೊಳ್ಳಿ: ಈಜು, ಸೈಕಲ್, ಷಟಲ್, ಕೋಲಾಟ, ಡೊಳ್ಳು ಕುಣಿತ, ಯೋಗಾಸನ, ಏನಾದರೂ ಸರಿ. ಒಂದೊಂದನ್ನು ಎರಡೆರಡು ದಿನ ಮಾಡಿ. ಪ್ರತಿದಿನ ಮುಗಿದ ಮೇಲೆ ಹಾಳೆಯ ಮೇಲೆ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ. ಎಷ್ಟು ಓಡಿದೆ, ಎಷ್ಟು ಕ್ಯಾಲೊರಿ ಕರಗಿತು ಎಂಬ ಪ್ರಶ್ನೆಯಲ್ಲ. ‘ನಾಳೆಯೂ ಬರಬೇಕೆನಿಸುತ್ತಿದೆಯೇ?’ ಹೌದು ಎಂಬ ಉತ್ತರ ಯಾವುದಕ್ಕೆ ಬರುತ್ತದೆಯೋ ಅದೇ ನಿಮ್ಮ ವ್ಯಾಯಾಮ. ಯಾವುದಕ್ಕೂ ಬರದಿದ್ದರೆ ವೇಗ ತಗ್ಗಿಸಿ, ಜೊತೆಗಾರನನ್ನು ಹುಡುಕಿ, ಬೇರೆ ಮೂರನ್ನು ಆರಿಸಿ ಮತ್ತೆ ಪ್ರಯತ್ನಿಸಿ.

ಶಿಕ್ಷಕರು ಈ ಪುಟಗಳನ್ನು ಓದುತ್ತಿದ್ದರೆ ಅವರಲ್ಲೂ ಒಂದು ವಿನಂತಿ. ದಯವಿಟ್ಟು ನಾಳೆಯಿಂದ ಯಾವ ಮಗುವಿಗೂ ಓಟವನ್ನು ಶಿಕ್ಷೆಯಾಗಿ ಕೊಡಬೇಡಿ. ಚೆನ್ನಾಗಿ ಓದಿದ ತರಗತಿಗೆ ಹತ್ತು ನಿಮಿಷ ಮುಂಚಿತವಾಗಿ ಮೈದಾನದ ಬಾಗಿಲು ತೆರೆಯಿರಿ. ಓಡುವುದೆಂದರೆ ಬಿಡುಗಡೆ ಎಂದು ತಿಳಿದು ಬೆಳೆದ ಮಗು ನಲವತ್ತರಲ್ಲೂ ಅರವತ್ತರಲ್ಲೂ ಓಡುತ್ತಿರುತ್ತದೆ.